ಗೆಲ್ಲಲು ಬಂದ ರೋಗಿ

ಆ ಬೆಳಿಗ್ಗೆ ನರರೋಗದ ಡಾಕ್ಟರ ಕೋಣೆಯ ಹೊರಗೆ ಕಾದು ಕೂತವರಲ್ಲಿ ತನ್ನಷ್ಟು ತಯಾರಿ ಮಾಡಿಕೊಂಡು ಬಂದ ರೋಗಿ ಇನ್ನೊಬ್ಬನಿಲ್ಲ, ಈ ಆಸ್ಪತ್ರೆಗೆ ಅಡಿಪಾಯ ಹಾಕಿದ ದಿನದಿಂದ ಅಂಥವನು ಬಂದೂ ಇಲ್ಲ ಎಂಬುದರಲ್ಲಿ ಕಂಚುವಿಗೆ ಸಂಶಯವೇ ಇರಲಿಲ್ಲ. ಕಂಚು ಅವನ ಹೆಸರಲ್ಲ. ಹಳೆಯ ಪೀಠೋಪಕರಣಗಳ ಮಳಿಗೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಅವನು ಬಾಯಿ ತೆರೆದರೆ ಎದುರುಸಾಲಿನ ಕಿಟಕಿಗಳ ಗಾಜು ನಡುಗುತ್ತದೆ ಎಂದು ಜನ ಇಟ್ಟ ಹೆಸರು. ಅವನನ್ನು ಕೇಳಿದರೆ ಜನ ಕಡಿಮೆಯೇ ಹೇಳಿದ್ದಾರೆ. ಗಾಜು ನಡುಗುವುದೇನು, ಒಂದು ಸಲ ಬಿರುಕೇ ಬಿಟ್ಟಿತ್ತು, ಬೇಕಾದರೆ ಹೊಸ ಗಾಜು ಕೂರಿಸಿದ ಬಡಗಿಯನ್ನು ಕರೆಸಿ ಕೇಳಬಹುದು. ಇಂಥ ಗಂಟಲನ್ನು ಅವನು ಹಿಂದಿನ ದಿನವಿಡೀ ಬೀಗ ಹಾಕಿ ಇಟ್ಟಿದ್ದ. ಒಂದಕ್ಷರ ಮಾತಾಡಿರಲಿಲ್ಲ. ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದ. ದವಡೆಗೆ ದಣಿವಾಗಬಾರದೆಂದು ಅಗಿಯಬೇಕಾದ ಯಾವುದನ್ನೂ ಮುಟ್ಟಿರಲಿಲ್ಲ. ಇದೇ ಉಪಾಯದಿಂದ ಕಣ್ಣಿನ ಡಾಕ್ಟರನ್ನು ಗೆದ್ದಿದ್ದ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿ, ಕೆಳಗೆ ಮುದ್ರಣಾಲಯದವರು ಇರುವೆಗಾತ್ರದಲ್ಲಿ ಹಾಕಿಕೊಂಡ ಹೆಸರನ್ನೂ ಓದಿ ಬಂದಿದ್ದ. ಗಂಟಲಿನ ಡಾಕ್ಟರಂತೂ 'ಆ' ಅನ್ನಿ ಎಂದದ್ದಕ್ಕೆ ಇವನು ಅಂದ ರಭಸಕ್ಕೆ ಕುರ್ಚಿ ಹಿಂದೆ ಸರಿಸಿಕೊಂಡಿದ್ದರು. ಇಬ್ಬರದೂ ಒಂದೇ ಮಾತು: ನಿಮಗೇನೂ ಆಗಿಲ್ಲ, ಹೋಗಿ ಬನ್ನಿ. ಏನೂ ಆಗಿಲ್ಲ ಅನ್ನಿಸಿಕೊಳ್ಳುವುದಕ್ಕೇ ಹೋದವನು ಅದನ್ನು ಅನ್ನಿಸಿಕೊಂಡು ಎದೆಯುಬ್ಬಿಸಿಕೊಂಡು ಮನೆಗೆ ಬರುತ್ತಿದ್ದ. ಹೊತ್ತು ಇಳಿಯುತ್ತಲೇ ನಾಲಿಗೆ ಹಸಿ ಮಣ್ಣಿನ ಮುದ್ದೆಯಾಗುತ್ತಿತ್ತು.

ಹೆಂಡತಿ ಅವನ ಪಕ್ಕದಲ್ಲಿ ಕೂತಿರಲಿಲ್ಲ. ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು, ಅದರ ಮೇಲೆ ತನ್ನ ಕೈಚೀಲ ಇಟ್ಟು ಕೂತಿದ್ದಳು. ಮನೆಯ ಕೆಳಗಿನ ಅಂಗಡಿಯಲ್ಲಿ ಹೆಂಗಸರ ಪಾರ್ಲರ್ ನಡೆಸುವವಳು. ಅವಳ ಬೆರಳುಗಳಲ್ಲಿ ಯಾವಾಗಲೂ ಬಣ್ಣದ ಕಲೆ, ಶಾಂಪೂವಿನ ವಾಸನೆ. ಆ ವಾಸನೆ ಈಗ ಒಂದು ಕುರ್ಚಿಯಷ್ಟು ದೂರದಿಂದ ಬರುತ್ತಿತ್ತು. ಮನೆಯ ಬಾಗಿಲು ದಾಟುವಾಗಲೇ ಅವಳು ಹೇಳಿದ್ದಳು: "ಇದೇ ಕೊನೆ ಡಾಕ್ಟರು. ಇಲ್ಲಿಂದಲೂ ನೀವು ಕುಡುಕರಾಗೇ ಹೊರಗೆ ಬಂದ್ರೆ ನಾನು ತಮ್ಮನ ಮನೆಗೆ ಹೋಗ್ತೀನಿ. ಜಗಳ ಇಲ್ಲ, ಕೂಗಾಟ ಇಲ್ಲ. ಬಟ್ಟೆ ತುಂಬಿಟ್ಟಾಗಿದೆ." ಕೂಗಾಟವಿಲ್ಲ ಎಂದದ್ದೇ ಅವನಿಗೆ ಹೆದರಿಕೆ ಹುಟ್ಟಿಸಿತ್ತು. ಅವಳು ಕೂಗಾಡಿದ್ದರೆ ಉತ್ತರ ಕೊಡಲು ಅವನಿಗಿಂತ ದೊಡ್ಡ ಬಾಯಿ ಯಾರಿಗಿತ್ತು? ಮೆಲ್ಲಗೆ ಮಾತಾಡುವವರ ಎದುರು ಮಾತ್ರ ಅವನ ಕಂಚು ಬರೀ ತಗಡು.

ಇಷ್ಟಕ್ಕೂ ಅವನು ಕುಡಿಯುವವನೇ ಅಲ್ಲ. ಹುಟ್ಟಿದಾರಭ್ಯ ಒಂದು ಗುಟುಕು ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ. ಇದು ಭೂಮಂಡಲದಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿದ್ದ ಸಂಗತಿ, ಮತ್ತು ಅವನು ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಯಾಕೆಂದರೆ ಆ ಸಂಜೆ, ತೇಗದ ಬೀರುವಿನ ಸಂಜೆ, ಮಳಿಗೆಯ ತುಂಬ ಜನ, ದೀಪಗಳೆಲ್ಲ ಹೊತ್ತಿ, ಅವನು ಮಧ್ಯಾಹ್ನದಿಂದ ಕೂಗಿ ಕೂಗಿ ಅರ್ಧ ಮಳಿಗೆ ಖಾಲಿ ಮಾಡಿದ್ದಾಗ, ಬೀರುವಿಗೆ ಒಂದು ಕೈ ಮೇಲೆದ್ದಿತು. ಅದರ ಪಕ್ಕದಲ್ಲೇ ಇನ್ನೊಂದು ಕೈ. ಎರಡೂ ಕೈಗೆ ಒಂದೇ ಬಣ್ಣದ ಬಳೆ ಇದ್ದದ್ದನ್ನು ಅವನು ಗಮನಿಸಿದ್ದನೇ? ಗಮನಿಸಿದ್ದ, ಅಕ್ಕತಂಗಿಯರಿರಬೇಕು ಅಂದುಕೊಂಡಿದ್ದ. ಈ ಅಕ್ಕನ ಮೇಲೆ ಆ ತಂಗಿಯನ್ನು ಏರಿಸಿದ, ತಂಗಿಯ ಮೇಲೆ ಅಕ್ಕನನ್ನು ಏರಿಸಿದ, ಬಿಡಬೇಡಿ ಅಮ್ಮಾ, ಬೀರು ಅಲ್ಲ ಇದು ಕೋಟೆ ಎಂದ. ಒಂದನೇ ಸಲ, ಎರಡನೇ ಸಲ, ಮೂರನೇ ಸಲ ಎಂದು ಸುತ್ತಿಗೆ ಕುಟ್ಟಿದಾಗ ಎದ್ದು ನಿಂತದ್ದು ಒಬ್ಬಳೇ ಹೆಂಗಸು. "ಅಲ್ರೀ, ನನ್ನ ಜೊತೆ ಯಾರ್ರೀ ಕೂಗ್ತಿದ್ರು? ನಾನೊಬ್ಬಳೇ ತಾನೇ ಕೈ ಎತ್ತಿದ್ದು?" ಎಂದು ಅವಳು ಸುತ್ತ ನೋಡಿದಳು. ಇಡೀ ಮಳಿಗೆ ಸುತ್ತ ನೋಡಿತು. ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಬಂದಿತು. ಅವಳ ಹರಾಜನ್ನು ರದ್ದು ಮಾಡಿ, ಅವಳು ಮೊದಲು ಕೂಗಿದ ಬೆಲೆಗೇ ಬೀರು ಕೊಟ್ಟು ಕಳಿಸಿದ ಮೇಲೆ ಮಳಿಗೆಯ ಯಜಮಾನರು ಅವನನ್ನು ಸೋಫಾಗಳ ಹಿಂದೆ ಕರೆದುಕೊಂಡು ಹೋದರು.

"ಏನಯ್ಯಾ ಕಂಚು, ಕಣ್ಣು ಕಾಣಲ್ವಾ? ಮಾತು ಬೇರೆ ಮೂಗಲ್ಲಿ ಬರ್ತಿದೆ. ಏನಾಗಿದೆ ನಿನಗೆ?"

ಅವನ ಬಾಯಿಂದ ಆಗ ಬಂದ ಮಾತನ್ನು ಅವನು ಯೋಚಿಸಿ ಆಡಿದ್ದಲ್ಲ. ತಾನಾಗಿ ಬಂದಿತು: "ಸ್ವಲ್ಪ ಹಾಕಿದ್ದೆ, ಯಜಮಾನ್ರೇ." ಆಡಿದ ಮೇಲೆ ಅದೆಷ್ಟು ಚೆನ್ನಾದ ಮಾತು ಅನ್ನಿಸಿತು! ಯಜಮಾನರ ಮುಖದಲ್ಲಿ ಹೆದರಿಕೆ ಹೋಗಿ ಸಿಟ್ಟು ಬಂದಿತ್ತು. ಸಿಟ್ಟನ್ನು ಎದುರಿಸುವುದು ಅವನಿಗೆ ಗೊತ್ತಿತ್ತು. ಕುಡಿಯುವವನು ನಾಳೆ ಬಿಡಬಹುದು. ಬಿಟ್ಟು ಎದ್ದು ನಿಂತವನಿಗೆ ಜನ ಶಹಭಾಸ್ ಅನ್ನುತ್ತಾರೆ. ಕಣ್ಣೂ ನಾಲಿಗೆಯೂ ತಾವಾಗೇ ಕೈಕೊಟ್ಟವನು ಏನನ್ನು ಬಿಡಬೇಕು? ಅವನ ತಂದೆ ಕೊನೆಗಾಲದಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಾಗ ನೆಂಟರು ಅವರನ್ನು ಬಿಟ್ಟು ಅವರ ತಲೆಯ ಮೇಲಿಂದ ಮಾತಾಡುತ್ತಿದ್ದರು, ಇವರಿಗೆ ಉಪ್ಪು ಹಾಕ್ತೀರಾ, ಇವರು ರಾತ್ರಿ ಮಲಗ್ತಾರಾ ಎಂದು. ಕುಡುಕನ ತಲೆಯ ಮೇಲಿಂದ ಯಾರೂ ಮಾತಾಡುವುದಿಲ್ಲ, ಮುಖಕ್ಕೇ ಬೈಯುತ್ತಾರೆ. ಹೀಗೆಲ್ಲ ಲೆಕ್ಕ ಹಾಕಿ, ಆಡಿದ ಮಾತಿಗೆ ತಕ್ಕ ವಾಸನೆ ಬೇಡವೇ ಎಂದು, ಮರುದಿನವೇ ಒಂದು ಚಪ್ಪಟೆ ಬಾಟಲಿ ತಂದು ಮಳಿಗೆಯ ಬಚ್ಚಲಲ್ಲಿಟ್ಟ. ಸಂಜೆ ನಾಲಿಗೆ ದಪ್ಪವಾಗುವ ಸೂಚನೆ ಸಿಕ್ಕಿದೊಡನೆ ಹೋಗಿ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ, ಎರಡು ಹನಿ ಕಾಲರಿಗೆ ಸವರುತ್ತಿದ್ದ. ಆ ಹಾಳು ರುಚಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಜಗತ್ತಿನ ಯಾವ ಕುಡುಕನೂ ಇಷ್ಟು ಕಷ್ಟಪಟ್ಟು ಕುಡುಕ ಅನ್ನಿಸಿಕೊಂಡಿರಲಾರ.

ಒಂದು ಸಂಜೆ ಹೆಂಡತಿಗೂ ವಾಸನೆ ಮುಟ್ಟಿತು. ಮೂಗು ಅವನ ಭುಜದ ಹತ್ತಿರ ತಂದಳು, ಹಿಂದೆ ಸರಿದಳು, ತಲೆದಿಂಬು ತೆಗೆದುಕೊಂಡು ನಡುಮನೆಗೆ ಹೋದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವಳ ತಮ್ಮ ಬಂದ. ಅವನು ನಿಜವಾಗಿಯೂ ಕುಡಿದು ನಿಜವಾಗಿಯೂ ಬಿಟ್ಟವನು. ಬಿಟ್ಟವರ ಹುಮ್ಮಸ್ಸಿನಿಂದ, "ಭಾವ, ನಾಚ್ಕೋಬೇಡಿ, ನಾನಿದ್ದೀನಿ" ಎಂದು ಕೈಹಿಡಿದು, ಕುಡಿತ ಬಿಟ್ಟವರ ಸಭೆಗೆ ಕರೆದುಕೊಂಡು ಹೋದ. ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಒಬ್ಬೊಬ್ಬರೂ ತಲೆತಗ್ಗಿಸಿ ತಮ್ಮ ತಮ್ಮ ಕತೆ ಹೇಳುತ್ತಿದ್ದರು; ಸಣ್ಣ ಸಣ್ಣ ಕತೆಗಳು. ಕಂಚುವಿನ ಸರದಿ ಬಂದಾಗ, ಬೆಳಗಿನ ಹೊತ್ತು ಬೇರೆ, ಗಂಟಲು ಹೊಸ ತಾಮ್ರದ ಹಾಗೆ ಮಿನುಗುತ್ತಿತ್ತು, ಅವನಿಗೆ ತಡೆದುಕೊಳ್ಳಲಾಗಲಿಲ್ಲ. ತಾನು ಪೀಪಾಯಿಗಟ್ಟಲೆ ಕುಡಿದದ್ದನ್ನು, ಕುಡಿದ ಮತ್ತಿನಲ್ಲಿ ಮಳಿಗೆಯ ಮೆಟ್ಟಿಲನ್ನೇ ಹರಾಜು ಹಾಕಿ ಮಾರಿದ್ದನ್ನು, ಕೊಂಡವನು ಮೆಟ್ಟಿಲು ಒಯ್ಯಲು ಗಾಡಿ ತಂದದ್ದನ್ನು ಹೇಳಿದ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಒಬ್ಬ ಮುದುಕ ಕಣ್ಣೊರೆಸಿಕೊಂಡು, ನಿಮ್ಮೆದುರು ನಾವೆಲ್ಲ ಹಸುಳೆಗಳು ಎಂದ. ಭಾವಮೈದನ ಮುಖ ಮಾತ್ರ ಇಳಿದುಹೋಗಿತ್ತು. "ಅಕ್ಕನ ಹತ್ರ ಇದನ್ನೆಲ್ಲ ಹೇಗೆ ಹೇಳಲಿ ಭಾವ?" ಎಂದು ದಾರಿಯಲ್ಲಿ ಕೇಳಿದ್ದ. ಹೇಳಿಯೇ ಹೇಳಿದ. ಅಂದಿನಿಂದ ಬಾಟಲಿ ಬಿಟ್ಟರೂ, ವಾಸನೆ ಹೋದರೂ, ಸಂಜೆಯ ತೊದಲು ಹೋಗಲಿಲ್ಲ. ಹೆಂಡತಿ ಬೀರುಗಳ ಹಿಂದೆ, ನೀರಿನ ತೊಟ್ಟಿಯೊಳಗೆ ಹುಡುಕಿದಳು. ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಕೇಳಿದಳು. ಇಲ್ಲದ್ದನ್ನು ಅವನು ಎಲ್ಲಿಂದ ತೆಗೆದು ತೋರಿಸಬೇಕು? ಯಜಮಾನರು ವಾಸಿಯಾಗುವ ತನಕ ಬರಬೇಡ ಎಂದರು. ಹೆಂಡತಿಯ ಬಲವಂತಕ್ಕೆ ಹೋದರೆ ಕಣ್ಣಿನವರು, ಗಂಟಲಿನವರು ಏನೂ ಇಲ್ಲ ಎಂದರು. ಬಿಟ್ಟ ಮೇಲೂ ತೊದಲುತ್ತಾನೆ ಅಂದರೆ ಕುಡಿತ ನರಕ್ಕೆ ಇಳಿದಿರಬೇಕು, ನರದ ಡಾಕ್ಟರಿಗೆ ತೋರಿಸಿ ಎಂದು ಸಭೆಯವರೇ ಹೇಳಿದ್ದರಿಂದ ಇವತ್ತು ಇಲ್ಲಿ ಬಂದು ಕೂತದ್ದಾಗಿತ್ತು.

ಬಾಗಿಲು ತೆರೆದು ಅವನನ್ನು ಕರೆದರು. ಡಾಕ್ಟರು ಅವನ ಅಕ್ಕನ ವಯಸ್ಸಿನ ಹೆಂಗಸು. ದಪ್ಪ ಕನ್ನಡಕ, ತಣ್ಣಗಾದ ಚಹಾ, ಯಾವುದಕ್ಕೂ ಅವಸರವಿಲ್ಲದ ಕೈ. ಕಂಚು ಅವರ ಬೆರಳು ಹಿಂಡಿದ ಹಿಡಿತಕ್ಕೆ ಅವರು ಉಂಗುರ ತೆಗೆದು ಮೇಜಿನ ಮೇಲಿಟ್ಟರು. ತಳ್ಳಿ ಎಂದರೆ ತಳ್ಳಿದ, ಎಳೆಯಿರಿ ಎಂದರೆ ಎಳೆದ, ಸುತ್ತಿಗೆಯಲ್ಲಿ ಮೊಣಕಾಲಿಗೆ ತಟ್ಟಿದರೆ ಕಾಲು ಸಾಕಿದ ಕುದುರೆಯ ಹಾಗೆ ಹಾರಿತು. ಗೆಲುವು ಕೈಗೆ ಬಂದಂತೆಯೇ ಅನ್ನಿಸಿ ಅವನು ಹೆಂಡತಿಯ ಕಡೆ ನೋಡಿದ. ಅವಳು ಗೋಡೆ ನೋಡುತ್ತಿದ್ದಳು. ಗೆದ್ದರೆ ಇವಳು ಹೋಗುತ್ತಾಳೆ ಎಂಬುದು ಆಗ, ಮೊದಲ ಸಲ, ಅವನಿಗೆ ಹೊಳೆಯಿತು. ಏನೂ ಇಲ್ಲ ಅನ್ನಿಸಿಕೊಂಡು ಹೊರಬಿದ್ದರೆ ಉಳಿಯುವುದು ಕುಡಿತ ಒಂದೇ.

"ಎಷ್ಟು ಕುಡೀತೀರಿ?" ಡಾಕ್ಟರು ಕೇಳಿದರು.

"ನಾನು ಕುಡಿಯೋದು ಬಿಟ್ಟಿದ್ದಕ್ಕೆ ಊರಲ್ಲಿ ಅಂಗಡಿಗಳೇ ಮುಚ್ಚಿದ್ವು, ಡಾಕ್ಟರೇ."

"ಹೌದಾ. ಸರಿ, ಮೇಲೆ ನೋಡಿ. ಆ ಫ್ಯಾನ್ ನೋಡ್ತಾ ಇರಿ. ನಾನು ಸಾಕು ಅನ್ನೋ ತನಕ ಕಣ್ಣು ಇಳಿಸ್ಬೇಡಿ."

ಇದೊಂದು ಪರೀಕ್ಷೆಯೇ? ಅವನು ನೋಡಿದ. ಫ್ಯಾನು ತಿರುಗುತ್ತಿರಲಿಲ್ಲ, ಅದರ ರೆಕ್ಕೆಯ ಅಂಚಿಗೆ ಧೂಳು ಹೆಪ್ಪುಗಟ್ಟಿತ್ತು. ಹಿಮಾಲಯ ನೋಡಿ ಎಂದರೂ ನೋಡುತ್ತಿದ್ದ. ನೋಡುತ್ತ ನೋಡುತ್ತ ಎಡಗಣ್ಣಿಗೆ ಯಾರೋ ಮೆಲ್ಲಗೆ ಪರದೆ ಇಳಿಸತೊಡಗಿದರು. ಹುಬ್ಬೇರಿಸಿದ. ಹಣೆಯನ್ನೆಲ್ಲ ಮೇಲಕ್ಕೆ ಎಳೆದುಕೊಂಡ. ಫ್ಯಾನು ಎರಡಾಯಿತು. ಡಾಕ್ಟರು ಸಾಕು ಅನ್ನಲಿಲ್ಲ. ಚಹಾ ಪಕ್ಕಕ್ಕೆ ಸರಿಸಿ ಅವನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. "ಹರಾಜು ಕೂಗ್ತೀರಂತೆ. ಒಂದು ಸಲ ಕೂಗಿ, ಕೇಳೋಣ. ಈ ಕೋಣೆ ಹರಾಜು ಹಾಕಿ. ಎಲ್ಲಾನೂ. ನಾನು ತಗೋತೀನಿ, ನಿಮ್ಮ ಮನೆಯವರೂ ತಗೋತಾರೆ."

ಇಂಥ ಮಾತು ಕೇಳಿದ ಮೇಲೆ ಕಂಚು ಸುಮ್ಮನಿರುವುದುಂಟೇ? ಎದ್ದು ನಿಂತ. ಮೊದಲು ತೂಕದ ಯಂತ್ರ: ಇದರ ಮೇಲೆ ನಿಂತವರು ಯಾರೂ ನಿಜ ಒಪ್ಪಿಕೊಂಡದ್ದಿಲ್ಲ, ಇಂಥ ಗುಟ್ಟಿನ ಯಂತ್ರ ಇನ್ನೆಲ್ಲೂ ಸಿಗದು. ಹೊರಗೆ ಕಾದವರು ಬಾಗಿಲ ಸಂದಿಯಲ್ಲಿ ಇಣುಕಿದರು. ಪರೀಕ್ಷೆಯ ಮಂಚ, ಮಿದುಳಿನ ಪಟ, ಕೈತೊಳೆಯುವ ಬೇಸಿನ್ನು. ಡಾಕ್ಟರು ಬೆರಳೆತ್ತಿದರು, ಬಾಗಿಲಲ್ಲಿದ್ದ ನರ್ಸ್ ಪೈಪೋಟಿಗಿಳಿದಳು, ಹೆಂಡತಿ ಕೂಡ ಡಾಕ್ಟರು ಸನ್ನೆ ಮಾಡಿದ್ದಕ್ಕೆ ಒಲ್ಲದ ಮನಸ್ಸಿನಿಂದ ಒಂದು ಬೆರಳು ಎತ್ತಿದಳು. ಅವಳು ಬೆರಳೆತ್ತಿದ್ದಕ್ಕೆ ಅವನಿಗೆ ಎಷ್ಟು ಖುಷಿಯಾಯಿತೆಂದರೆ ಮಂಚದ ಸುತ್ತ ಕಟ್ಟಿದ್ದ ಹರಕು ಪರದೆಗೆ ಅರಮನೆಯ ಪರದೆಯ ವರ್ಣನೆ ಹೊಂದಿಸಿದ. ಪರದೆ ಮಾರುವಷ್ಟರಲ್ಲಿ 'ಮೂರನೇ ಸಲ' ಎಂಬುದು 'ಊಂನೇ ಹಲ' ಎಂದು ಮೂಗಿನಿಂದ ಹೊರಬಿದ್ದಿತು. ಗಂಟಲು ಸರಿಮಾಡಿಕೊಂಡ. ಇನ್ನೂ ಕೆಟ್ಟಿತು. ತುಟಿಗಳು ತಮ್ಮ ಪಾಡಿಗೆ ತಾವಿದ್ದವು, ನಾಲಿಗೆ ತನ್ನ ಪಾಡಿಗೆ. ಹೆಂಡತಿ ಎತ್ತಿದ ಬೆರಳು ಎರಡು ಬೆರಳಾಗಿ ಗಾಳಿಯಲ್ಲಿ ನಿಂತಿತ್ತು. ಅವಳು ಅದನ್ನು ಇಳಿಸುವುದು ಮರೆತು, ಹೊಟ್ಟೆಗೆ ಏನೂ ಹಾಕದೆ ಬೆಳಿಗ್ಗೆಯಿಂದ ತನ್ನ ಕಣ್ಣೆದುರಿಗೇ ಇದ್ದ ಗಂಡ ಕಣ್ಣೆದುರಿಗೇ ಕುಡುಕನಾಗುವುದನ್ನು ನೋಡುತ್ತಿದ್ದಳು.

"ಸಾಕು," ಎಂದರು ಡಾಕ್ಟರು. "ಕೂತ್ಕೊಳ್ಳಿ."

ನರ್ಸ್ ರಬ್ಬರಿನ ಕೈಗವಸಿನಲ್ಲಿ ಐಸ್ ತುಂಬಿ ಗಂಟು ಹಾಕಿ ತಂದಳು. ಡಾಕ್ಟರು ಅದನ್ನು ಅವನ ಜೋತುಬಿದ್ದ ರೆಪ್ಪೆಯ ಮೇಲಿಟ್ಟರು. ಐದು ಬೆರಳಿನ ತಣ್ಣನೆಯ ಕೈಯೊಂದು ಮುಖದ ಮೇಲೆ ಕೂತ ಹಾಗಾಗಿ, ಇದು ಯಾವ ಶಿಕ್ಷೆ ಎಂದುಕೊಂಡ. ಸ್ವಲ್ಪ ಹೊತ್ತಾದ ಮೇಲೆ ತೆಗೆದು, ನೋಡಿ ಎಂದರು. ಕೋಣೆ ಅಗಲವಾಗಿತ್ತು. ರೆಪ್ಪೆ ಅಂಗಡಿಯ ಶಟರಿನ ಹಾಗೆ ಮೇಲೆ ಹೋಗಿ ನಿಂತಿತ್ತು. ಡಾಕ್ಟರು ನಕ್ಕದ್ದು ಆಗಲೇ. ಒಳ್ಳೆಯ ಮಾಲು ಗುರುತಿಸಿದವರ ನಗು ಅದು, ಅವನಿಗೆ ಚೆನ್ನಾಗಿ ಗೊತ್ತಿದ್ದ ನಗು. "ಇದಕ್ಕೆ ಮಯಸ್ತೇನಿಯಾ ಗ್ರಾವಿಸ್ ಅಂತಾರೆ. ರಕ್ತ ಪರೀಕ್ಷೆ ಮಾಡಿಸ್ತೀನಿ, ಆದ್ರೆ ನನಗೆ ಹೆಚ್ಚು ಅನುಮಾನ ಇಲ್ಲ. ನರ ಕೂಗುತ್ತೆ, ಸ್ನಾಯು ಕೈ ಎತ್ತಬೇಕು. ನಿಮ್ಮಲ್ಲಿ ನಡುವೆ ಯಾರೋ ಸ್ನಾಯುವಿನ ಕಿವಿಗೆ ಹತ್ತಿ ತುರುಕಿದ್ದಾರೆ. ಮೊದಮೊದಲು ಕೇಳಿಸುತ್ತೆ, ಕೂಗಿದಷ್ಟೂ ಕೇಳಿಸೋದು ಕಮ್ಮಿಯಾಗುತ್ತೆ. ದಣಿವು ಆರಿಸ್ಕೊಂಡ್ರೆ ಮತ್ತೆ ಸರಿ."

"ಯಾರು ತುರುಕಿದ್ದು?" ಹೆಂಡತಿಯ ದನಿ.

"ಇವರದೇ ರಕ್ತ. ಹೊರಗಿನ ಕ್ರಿಮಿಗಳನ್ನ ಹೊಡೀಬೇಕಾದ ಕಾವಲು, ಗುರುತು ತಪ್ಪಿ ಮನೆಯವರನ್ನೇ ಹೊಡೀತಿದೆ. ಮಾತ್ರೆ ಇದೆ. ಕಾವಲನ್ನ ಸಮಾಧಾನ ಮಾಡೋಕೂ ಔಷಧಿ ಇದೆ. ಎದೆಯೊಳಗೆ ಒಂದು ಗ್ರಂಥಿ ಇರುತ್ತೆ, ಅದು ಊದಿದ್ಯಾ ಅಂತ ಸ್ಕ್ಯಾನ್ ಮಾಡಿ ನೋಡ್ತೀವಿ, ಊದಿದ್ರೆ ತೆಗೀಬೇಕಾಗಬಹುದು. ಹೆಚ್ಚಿನವರು ಕೆಲಸಕ್ಕೆ ವಾಪಸ್ ಹೋಗ್ತಾರೆ. ಒಂದು ಮಾತು: ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಶೂರತನ ತೋರಿಸ್ಬೇಡಿ. ತಕ್ಷಣ ಬನ್ನಿ." ಪೆನ್ನು ತೆಗೆದವರು ನಿಲ್ಲಿಸಿದರು. "ಇಷ್ಟು ದಿನ ಹೇಗೆ ತಪ್ಪಿಸ್ಕೊಂಡ್ರಿ? ಕಣ್ಣಿನವರು, ಗಂಟಲಿನವರು, ಯಾರೂ ಹಿಡೀಲಿಲ್ವಾ?"

"ಹಿಂದಿನ ದಿನವೆಲ್ಲ ಮಲಗಿ ಹೋಗ್ತಿದ್ದೆ," ಎಂದ ಕಂಚು, ಮೂಗಿನಲ್ಲಿಯೇ. ಅದರಲ್ಲೂ ಒಂದಿಷ್ಟು ಜಂಭ ಉಳಿದಿತ್ತು.

"ಡಾಕ್ಟರ ಹತ್ರ ಗೆಲ್ಲೋಕೆ ಬರೋ ರೋಗೀನ ನಾನು ನೋಡಿರಲಿಲ್ಲ. ಇನ್ನು ಆಟ ಬೇಡ. ಔಷಧಿ ಬರೀಬೇಕು, ನಿಜ ಹೇಳಿ. ಎಷ್ಟು ಕುಡೀತಿದ್ರಿ?"

ಅವನು ಡಾಕ್ಟರಿಗೆ ಹೇಳಲಿಲ್ಲ. ನೆಲಕ್ಕೆ ಹೇಳಿದ. "ಕುಡಿದೇ ಇಲ್ಲ."

ಕೈಗವಸಿನ ಬೆರಳಿನಿಂದ ನೀರು ಬೇಸಿನ್ನಿಗೆ ತೊಟ್ಟಿಕ್ಕುತ್ತಿತ್ತು. "ಮತ್ತೆ ಆ ವಾಸನೆ?" ಎಂದಳು ಹೆಂಡತಿ. ಮುಕ್ಕಳಿಸಿ ಉಗುಳುತ್ತಿದ್ದೆ ಎಂದ. "ಮತ್ತೆ ತಮ್ಮ ಹೇಳಿದ್ದು? ಮೆಟ್ಟಿಲು ಮಾರಿದ್ದು?" ಅವನು ತಲೆ ಅಲ್ಲಾಡಿಸಿದ. ಅವಳು ಕೈಚೀಲದ ಕೊಂಡಿಯನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಬೈಗುಳ ಬರಲಿ ಎಂದು ಅವನು ಕಾದ. ಬಂದದ್ದು ಅದೇ ಮೆಲುದನಿ: "ಕಾಯಿಲೆ ಗಂಡನ್ನ ನೋಡ್ಕೊಳ್ಳೋಕೆ ನನಗೇನು ನಾಚಿಕೆ ಇತ್ತು? ಒಬ್ಬೊಬ್ಬರ ತಲೆ ತೊಳೀವಾಗಲೂ, ಪಾಪ, ಇವಳ ಗಂಡ ಹಾಗಂತೆ ಅಂತ ಅವರು ಕನ್ನಡೀಲಿ ಒಬ್ಬರನ್ನೊಬ್ಬರು ನೋಡ್ಕೊಳ್ಳೋದನ್ನ ನಾನು ನೋಡ್ತಾ ನಿಂತಿದ್ದೆ. ನಿಮ್ಮ ಜಂಭಕ್ಕೆ ನನ್ನ ಮುಖ ಬೇಕಿತ್ತಾ?"

ಅವಳು ತಮ್ಮನ ಮನೆಗೆ ಹೋಗಲಿಲ್ಲ. ತುಂಬಿಟ್ಟ ಬಟ್ಟೆಗಳನ್ನು ಹೊರಗೆ ತೆಗೆಯಲೂ ಇಲ್ಲ. ಚೀಲ ನಡುಮನೆಯ ಮೂಲೆಯಲ್ಲಿ ಹಾಗೇ ಕೂತಿತ್ತು, ಯಾವಾಗಲಾದರೂ ಏಳಬಹುದಾದ ನೆಂಟನ ಹಾಗೆ. ರಕ್ತದ ವರದಿ ಬಂದು ಡಾಕ್ಟರ ಮಾತು ಖಚಿತವಾಯಿತು, ಗ್ರಂಥಿ ಊದಿರಲಿಲ್ಲ. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ರೆಪ್ಪೆ ಏಳುತ್ತಿತ್ತು, ನಾಲಿಗೆ ಮಾತು ಕೇಳುತ್ತಿತ್ತು. ಮಾತ್ರೆಯ ಬಲ ಇಳಿದಂತೆ ಎಲ್ಲವೂ ಇಳಿಯುತ್ತಿತ್ತು. ಕಾವಲನ್ನು ಸಮಾಧಾನ ಮಾಡುವ ಔಷಧಿ ಹಿಡಿಯಲು ತಿಂಗಳುಗಳೇ ಬೇಕು ಎಂದಿದ್ದರು. ಯಜಮಾನರು ವಿಷಯ ಕೇಳಿ, ಬೆಳಗಿನ ಹರಾಜು ನೀನು ಕೂಗು, ಸಂಜೆಯದು ಆಮೇಲೆ ನೋಡೋಣ ಎಂದರು. ಮೊದಲ ಬೆಳಿಗ್ಗೆಯೇ ಅವನು ಒಂದು ಕುಂಟು ಮೇಜನ್ನು ಎಂಥ ಬಣ್ಣನೆಯಿಂದ ಮಾರಿದನೆಂದರೆ, ಕೊಂಡವನು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದ. ಬಂದು ಹೆಂಡತಿಗೆ ಹೇಳಿದ. ಅವಳು ಹೂಂ ಅಂದಳು. ಅವಳ ತಲೆದಿಂಬು ನಡುಮನೆಯಲ್ಲೇ ಇತ್ತು.

"ನಾಳೆ ಬೆಳಿಗ್ಗೆ ಕೆಳಗೆ ಬರ್ತೀನಿ," ಎಂದ ಅವನು, ಆ ಸಂಜೆ. "ಮಾತ್ರೆ ತಗೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ತೀನಿ. ನಿನ್ನ ಗಿರಾಕಿಗಳಿಗೆಲ್ಲ ನಾನೇ ಹೇಳ್ತೀನಿ, ಒಬ್ಬರೂ ಬಾಯಿ ಬಿಡದ ಹಾಗೆ."

ಅವಳು ಅವನ ಮುಖ ನೋಡಿದಳು. ಎಡಗಣ್ಣು ಆಗಲೇ ಅರ್ಧ ಮುಚ್ಚಿತ್ತು, ಮಾತಿಗೆ ಮೂಗು ಸೇರಿತ್ತು, ಮುಂದಿನ ಮಾತ್ರೆಗೆ ಇನ್ನೂ ಹೊತ್ತಿತ್ತು. "ಬೆಳಿಗ್ಗೆ ಬೇಡ," ಎಂದಳು. "ಈಗಲೇ ಬನ್ನಿ. ಹೀಗೇ."

ಮೆಟ್ಟಿಲಿಳಿಯುವಾಗ ಅವನು ಮನಸ್ಸಿನಲ್ಲೇ ಭಾಷಣ ಜೋಡಿಸಿದ. ಅಂಥ ಭಾಷಣವನ್ನು ಯಾವ ಸಭೆಯೂ ಕೇಳಿರಲಿಲ್ಲ. ಪಾರ್ಲರಿನಲ್ಲಿ ದೀಪ ಜಾಸ್ತಿ, ಕನ್ನಡಿ ಜಾಸ್ತಿ. ಒಬ್ಬಳ ತಲೆಯ ತುಂಬ ಬಣ್ಣ ಹಚ್ಚಿ ಸುತ್ತಿದ ಬೆಳ್ಳಿ ಹಾಳೆ, ಒಬ್ಬಳು ಬೇಸಿನ್ನಿಗೆ ಕತ್ತು ಒರಗಿಸಿ ಕಣ್ಣುಮುಚ್ಚಿದ್ದಳು, ಬಾಗಿಲ ಬಳಿ ಇಬ್ಬರು ಸರದಿ ಕಾಯುತ್ತಿದ್ದರು. ಗಂಡಸು ಒಳಬಂದದ್ದಕ್ಕೆ ಮಾತು ನಿಂತಿತು. ಕನ್ನಡಿಗಳಲ್ಲಿ ಅವರೆಲ್ಲ ಎರಡೆರಡಾಗಿದ್ದರು, ಅವನ ಕಣ್ಣಿಗೆ ನಾಲ್ಕು ನಾಲ್ಕು. ಇಷ್ಟು ದೊಡ್ಡ ಸಭೆಯ ಎದುರು ಅವನು ನಿಂತದ್ದೇ ಇಲ್ಲ. "ನಾನು ಕುಡುಕ ಅಲ್ಲ," ಎಂದ. ಅದು ಹೊರಬಂದದ್ದು ಹತ್ತು ಬಾಟಲಿ ಕುಡಿದವನ ಹಾಗೆ. ಬೆಳ್ಳಿ ಹಾಳೆಯವಳು ತುಟಿ ಕಚ್ಚಿ ಪಕ್ಕಕ್ಕೆ ನೋಡಿದಳು. ಅವನಿಗೆ ಓಡಿಹೋಗಬೇಕು ಅನ್ನಿಸಿತು. ಹೋಗಲಿಲ್ಲ. "ಕಾಯಿಲೆ. ಹೇಳ್ಕೊಳ್ಳೋಕೆ ನಾಚಿಕೆ ಆಗಿ ಕುಡೀತೀನಿ ಅಂತ ನಾನೇ ಸುಳ್ಳು ಹೇಳಿದೆ. ಇವಳಿಗೂ ಹೇಳಿದೆ. ಇವಳದು ಏನೂ..." ಅಲ್ಲಿಗೆ ನಾಲಿಗೆ ನಿಂತಿತು. ಭಾಷಣದ ಮುಕ್ಕಾಲು ಪಾಲು ಗಂಟಲಲ್ಲೇ ಉಳಿಯಿತು. ಯಾರೂ ಮುಂದಿನ ಮಾತನ್ನು ಅವನ ಪರವಾಗಿ ಪೂರೈಸಲಿಲ್ಲ; ಕಾದರು. ಅವನು ಒಂದು ಕೈಯಿಂದ ರೆಪ್ಪೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಸ್ವಲ್ಪ ತಾಳಿ ಎಂದು ಸನ್ನೆ ಮಾಡಿ, ಉಸಿರು ತೆಗೆದುಕೊಂಡು ಹೇಳಿದ: "ಇವಳದು ಏನೂ ತಪ್ಪಿಲ್ಲ. ಅಷ್ಟೇ. ನನಗೀಗ ನಿಲ್ಲೋಕಾಗ್ತಿಲ್ಲ."

ಬೇಸಿನ್ನಿನವಳು ಒದ್ದೆ ತಲೆಯನ್ನು ಎತ್ತದೆಯೇ, "ಆ ಕುರ್ಚಿ ಖಾಲಿ ಇದೆ, ಕೂತ್ಕೊಳ್ಳಿ ಅಣ್ಣ," ಎಂದಳು. ಅವನು ಕೂತ. ಕುರ್ಚಿ ತಿರುಗಿ ಕನ್ನಡಿಗೆ ಮುಖವಾಯಿತು. ಕಾಯುತ್ತಿದ್ದವರಲ್ಲಿ ಒಬ್ಬಳು ಇನ್ನೊಬ್ಬಳಿಗೆ, ನಮ್ಮ ಅತ್ತಿಗೆಗೆ ಥೈರಾಯ್ಡ್ ಅಂತ ಗೊತ್ತಾಗೋಕೆ ಮೂರು ವರ್ಷ ಬೇಕಾಯ್ತು ಎಂದು ಶುರು ಮಾಡಿದಳು. ಮಾತು ಅಲ್ಲಿಂದ ಅತ್ತಿಗೆಯ ಬೆಕ್ಕಿಗೆ, ಬೆಕ್ಕಿನಿಂದ ಬಾಡಿಗೆ ಮನೆಗೆ ಹೋಯಿತು. ಯಾರೂ ಅವನ ತಲೆಯ ಮೇಲಿಂದ ಅವನನ್ನು ಕುರಿತು ಮಾತಾಡಲಿಲ್ಲ. ಇಷ್ಟು ಜನ ಸೇರಿದ ಕಡೆ ತಾನು ಬಾಯಿ ಮುಚ್ಚಿಕೊಂಡು ಕೂತದ್ದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು. ಕೂತದ್ದೇ ಕೂತದ್ದು, ಇಷ್ಟು ಚೆನ್ನಾಗಿ ಬಾಯಿ ಮುಚ್ಚಿಕೊಂಡು ಕೂತವನು ಇನ್ನೊಬ್ಬನಿರಲಾರ ಎಂಬುದೂ ಹೊಳೆಯಿತು. ಹಿಂದೆ ಯಾರೋ ಬಂದು ನಿಂತರು. ಬಿಳಿಯ ಬಟ್ಟೆ ಗಾಳಿ ತುಂಬಿಕೊಂಡು ಅವನ ಎದೆಯ ಮೇಲೆ ಇಳಿಯಿತು. ಕತ್ತಿನ ಹಿಂದೆ ಗಂಟು ಹಾಕಿದ ಬೆರಳುಗಳಿಗೆ ಶಾಂಪೂವಿನ ವಾಸನೆ. ಆ ಬೆರಳುಗಳು ಕೂದಲೊಳಗೆ ಹೋಗಿ, ಎಷ್ಟು ಬೆಳೆದಿದೆ ಎಂದು ನೋಡುವ ಹಾಗೆ ಅವನ ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿದವು.

ಅವನು ಏನೋ ಹೇಳಲು ತಿರುಗಿದ.

"ಅಲ್ಲಾಡ್ಬೇಡಿ," ಎಂದಳು ಅವಳು, ಮತ್ತು ಕತ್ತರಿ ತೆಗೆದುಕೊಂಡಳು.